ಶೋಧಯಂತ್ರವೂ ವರ್ಡ್‌ಪ್ರೆಸ್ಸಿನ ಪ್ಲಗಿನ್ನುಗಳೂ

ಗ್ರಂಥಭಂಡಾರದಲ್ಲಿ ಓಲೆಯ ಕಟ್ಟು ಇದ್ದೂ ಸೂಚೀಪತ್ರದಲ್ಲಿ ಅದರ ಹೆಸರಿಲ್ಲದಿದ್ದರೆ, ಓದುವವನ ಪಾಲಿಗೆ ಅದು ಇಲ್ಲದುದಕ್ಕೆ ಸಮಾನ. ಜಾಲತಾಣಗಳಲ್ಲಿ ಪ್ರಕಟವಾಗುವ ಲೇಖನಗಳ ಸ್ಥಿತಿಯೂ ಇದೇ. ಅಲ್ಲಿ ಸೂಚೀಪತ್ರದ ಕಾರ್ಯವನ್ನು ಗೂಗಲ್ ಮೊದಲಾದ ಶೋಧಯಂತ್ರಗಳು ವಹಿಸಿಕೊಂಡಿವೆ. ಅವು ಕೊಂಡಿಗಳನ್ನು ಹಿಡಿದು ಪುಟದಿಂದ ಪುಟಕ್ಕೆ ಸಂಚರಿಸಿ, ಕಂಡುದನ್ನು ಗುರುತುಹಾಕಿಕೊಂಡು, ಓದುಗನು ಪದವೊಂದನ್ನು ಕೊಟ್ಟಾಗ ಆ ಗುರುತುಗಳಿಂದ ಉತ್ತರವನ್ನು ತೆಗೆದುಕೊಡುತ್ತವೆ. ಆದುದರಿಂದ ಲೇಖನವನ್ನು ಪ್ರಕಟಿಸುವ ಸಾಧನವು ಪುಟವನ್ನು ಶೋಧಯಂತ್ರಕ್ಕೆ ತಿಳಿಯುವಂತೆ ರಚಿಸುವುದೋ ಇಲ್ಲವೋ ಎಂಬುದು ಕೇವಲ ಯಂತ್ರಜ್ಞರ ವಿಚಾರವಲ್ಲ. ಇಂತಹ ಸಾಧನಗಳಲ್ಲಿ ಬಹುಪ್ರಚಾರವುಳ್ಳ ವರ್ಡ್‌ಪ್ರೆಸ್ಸಿನಲ್ಲಿ ಈ ಕಾರ್ಯವು ಹೇಗೆ ನಡೆದುಬಂದಿತೆಂಬುದನ್ನು ನೋಡೋಣ.

ಮಿಷೆಲ್ ವಾಲ್ಡ್ರಿಘಿ ಎಂಬವರು 2001ರಲ್ಲಿ ಬಿ2 ಎಂಬ ತಂತ್ರಾಂಶವನ್ನು ರಚಿಸಿದ್ದರು. ಅದರ ಬೆಳವಣಿಗೆಯು ನಿಂತುಹೋದಾಗ ಮ್ಯಾಟ್ ಮುಲ್ಲನ್‌ವೆಗ್ ಮತ್ತು ಮೈಕ್ ಲಿಟಲ್ ಎಂಬಿಬ್ಬರು ಅದನ್ನೇ ಆಧಾರವಾಗಿಟ್ಟುಕೊಂಡು 2003ನೆಯ ಮೇ ತಿಂಗಳಿನಲ್ಲಿ ವರ್ಡ್‌ಪ್ರೆಸ್ಸನ್ನು ಹೊರತಂದರು. ಒಂದು ವರ್ಷದ ಬಳಿಕ, 2004ರ ಮೇ ತಿಂಗಳಿನಲ್ಲಿ, 1.2ನೆಯ ಆವೃತ್ತಿಯು ಬಂದಿತು. ಈ ಚರಿತ್ರೆಗೆ ಅದೇ ನಿಜವಾದ ಆರಂಭ. ಮೂಲವನ್ನು ತಿದ್ದದೆ ಅದಕ್ಕೆ ಹೊರಗಿನಿಂದ ಕೆಲಸವನ್ನು ಜೋಡಿಸುವ ಏರ್ಪಾಡು, ಎಂದರೆ ಪ್ಲಗಿನ್ನು, ಆಗ ಸಾಧ್ಯವಾಯಿತು. ಮೂಲವು ತನ್ನ ಕೆಲಸದ ನಡುನಡುವೆ ಕೆಲವು ಎಡೆಗಳನ್ನು ಬಿಟ್ಟಿರುತ್ತದೆ. ಪ್ಲಗಿನ್ನು ಅಲ್ಲಿ ತನ್ನ ಮಾತನ್ನು ಸೇರಿಸಬಹುದು, ಇಲ್ಲವೆ ಮೂಲದ ಮಾತನ್ನು ಮಾರ್ಪಡಿಸಬಹುದು.

ವ್ಯಾಕರಣವನ್ನು ಬಲ್ಲವರಿಗೆ ಇದು ಅಪರಿಚಿತವಾದ ಕ್ರಮವಲ್ಲ. ಪಾಣಿನಿಯ ಸೂತ್ರಪಾಠಕ್ಕೆ ಕಾತ್ಯಾಯನನು ವಾರ್ತಿಕವನ್ನು ಬರೆದನಷ್ಟೆ. ಹೇಳಿದುದು, ಹೇಳದೆ ಬಿಟ್ಟುದು, ತಪ್ಪಾಗಿ ಹೇಳಿದುದು ಈ ಮೂರನ್ನೂ ವಿಚಾರಿಸುವುದು ವಾರ್ತಿಕದ ಕೆಲಸ. ಪ್ಲಗಿನ್ನುಗಳ ಕೆಲಸವೂ ಅದೇ. ಭೇದವಿಷ್ಟೇ: ಇಲ್ಲಿ ಯೋಗ್ಯವಾದ ವಾರ್ತಿಕವು ಕಾಲಕ್ರಮದಲ್ಲಿ ಮೂಲದೊಳಕ್ಕೇ ಸೇರಿಬಿಡುತ್ತದೆ.

ಪುಟದ ಶೀರ್ಷಿಕೆಯನ್ನೇ ತೆಗೆದುಕೊಳ್ಳಬಹುದು. ಶೋಧಯಂತ್ರದ ಉತ್ತರದಲ್ಲಿ ಓದುಗನ ಕಣ್ಣಿಗೆ ಮೊದಲು ಬೀಳುವುದು ಅದು. ಆದರೆ ಹಿಂದೆ ಅದನ್ನು ಮೂಲವಾಗಲಿ ಲೇಖಕನಾಗಲಿ ನಿಯಮಿಸುತ್ತಿರಲಿಲ್ಲ. ಪುಟದ ಬಾಹ್ಯರೂಪವನ್ನು ರಚಿಸಿದವನು ಬರೆದಿಟ್ಟ ಕ್ರಮದಲ್ಲೇ ಅದು ಬರುತ್ತಿತ್ತು. 2007ರಲ್ಲಿ ಬಂದ ಆಲ್ ಇನ್ ಒನ್ ಎಸ್‌ಇಒ ಪ್ಯಾಕ್ ಎಂಬ ಪ್ಲಗಿನ್ನು, ಸಿದ್ಧವಾದ ಪುಟವನ್ನು ಹೊರಗೆ ಹೋಗುವ ಮುನ್ನ ತಡೆದು ನಿಲ್ಲಿಸಿ, ಹಳೆಯ ಶೀರ್ಷಿಕೆಯನ್ನು ತೆಗೆದು ಹೊಸದನ್ನು ಇಡುತ್ತಿತ್ತು. ಇದು ಒರಟಾದ ಉಪಾಯವೇ ಸರಿ. ಆದರೂ ಬೇರೆ ದಾರಿಯಿರಲಿಲ್ಲ. 2014ರ ಡಿಸೆಂಬರಿನ 4.1ನೆಯ ಆವೃತ್ತಿಯಲ್ಲಿ ಮೂಲವೇ ಶೀರ್ಷಿಕೆಯ ಹೊಣೆಯನ್ನು ವಹಿಸಿಕೊಳ್ಳುವ ಏರ್ಪಾಡು ಬಂದಮೇಲೆ ಆ ಒರಟುತನಕ್ಕೆ ಕಾರಣವುಳಿಯಲಿಲ್ಲ.

ಪುನರುಕ್ತಿಯ ದೋಷವೂ ಇದ್ದಿತು. ಒಂದೇ ಲೇಖನವು ತಿಂಗಳ ಪಟ್ಟಿಯಲ್ಲಿಯೂ ವರ್ಗದ ಪಟ್ಟಿಯಲ್ಲಿಯೂ ತನ್ನ ಸ್ವಂತ ಪುಟದಲ್ಲಿಯೂ ಬೇರೆ ಬೇರೆ ವಿಳಾಸಗಳಲ್ಲಿ ಕಾಣಿಸಿಕೊಳ್ಳುವುದರಿಂದ, ಯಾವುದು ಮೂಲಪ್ರತಿ ಯಾವುದು ನಕಲು ಎಂದು ಶೋಧಯಂತ್ರಕ್ಕೆ ತಿಳಿಯದು. 2009ರ ಫೆಬ್ರವರಿಯಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಈ ಮೂರೂ ಕೂಡಿ, ಪ್ರಮಾಣಪ್ರತಿಯನ್ನು ಸೂಚಿಸುವ ಒಂದು ಗುರುತನ್ನು ಒಪ್ಪಿದವು. ಡಚ್ಚರ ದೇಶದ ಯೂಸ್ಟ್ ಡೆ ವಾಲ್ಕ್ ಎಂಬವರು ಕೂಡಲೇ ಅದಕ್ಕೊಂದು ಪ್ಲಗಿನ್ನನ್ನು ಬರೆದರು. ಆ ವರ್ಷದ ಡಿಸೆಂಬರಿನಲ್ಲಿಯೇ 2.9ನೆಯ ಆವೃತ್ತಿಯು ಅದನ್ನು ಮೂಲಕ್ಕೆ ಸೇರಿಸಿಕೊಂಡಿತು. ತಾಣದ ಪುಟಗಳನ್ನೆಲ್ಲ ಪಟ್ಟಿಮಾಡಿಕೊಡುವ ಸೈಟ್‌ಮ್ಯಾಪಿಗೆ ಮಾತ್ರ ಇಂತಹ ಭಾಗ್ಯವಿರಲಿಲ್ಲ. 2005ರಲ್ಲಿಯೇ ಪ್ಲಗಿನ್ನಾಗಿ ಬಂದ ಅದು ಮೂಲವನ್ನು ಪ್ರವೇಶಿಸಿದುದು 2020ರ ಆಗಸ್ಟಿನ 5.5ನೆಯ ಆವೃತ್ತಿಯಲ್ಲಿ.

ಇವೆಲ್ಲವೂ ವ್ಯಾಪಾರಿಗಳ ಕುತಂತ್ರ, ಶಾಸ್ತ್ರದ ಹೆಸರನ್ನು ಇದಕ್ಕೆ ಕೊಡಬಾರದು, ಎಂದು ಆಕ್ಷೇಪಿಸುವವರುಂಟು. ಆಕ್ಷೇಪವು ಪೂರ್ತಿಯಾಗಿ ನಿರಾಧಾರವಲ್ಲ. ಓದುಗನಿಗೆ ಕಾಣದಂತೆ ಪುಟದಲ್ಲಿ ಮುಖ್ಯಪದಗಳನ್ನು ತುಂಬುವ ಪದ್ಧತಿಗೆ ಪ್ಲಗಿನ್ನುಗಳು ಬಹುಕಾಲ ಅವಕಾಶವಿತ್ತವು; ಸಂಬಂಧವಿಲ್ಲದ ಪದಗಳನ್ನೂ ಜನರು ತುಂಬಿದರು. ತಾನು ಆ ಪಟ್ಟಿಯನ್ನು ಗಣಿಸುವುದೇ ಇಲ್ಲವೆಂದು ಗೂಗಲ್ 2009ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಆದರೆ ಪ್ರಮಾಣಪ್ರತಿಯ ಗುರುತು ಮೂಲಕ್ಕೆ ಸೇರಿದುದೂ ಪದಗಳ ಪಟ್ಟಿಯು ಸೇರದೆ ಹೋದುದೂ ಆಕಸ್ಮಿಕವಲ್ಲ. ಒಂದು ಪುಟದ ವಿಷಯದಲ್ಲಿ ಸತ್ಯವನ್ನು ಹೇಳಿತು. ಇನ್ನೊಂದು ಪುಟದಲ್ಲಿ ಇಲ್ಲದುದನ್ನು ಇದೆಯೆಂದಿತು.

ಕನ್ನಡದ ಬರೆಹಗಾರರು ವಿಶೇಷವಾಗಿ ಗಮನಿಸತಕ್ಕ ಅಂಶಗಳು ಎರಡಿವೆ. ಡೆ ವಾಲ್ಕರ ಪ್ಲಗಿನ್ನು, ಎಂದರೆ ಈಗ ಯೋಸ್ಟ್ ಎಸ್‌ಇಒ ಎನಿಸಿಕೊಂಡಿರುವುದು, ಲೇಖಕನು ಆರಿಸಿಕೊಂಡ ಪದವು ಶೀರ್ಷಿಕೆಯಲ್ಲಿಯೂ ಆರಂಭದ ವಾಕ್ಯಗಳಲ್ಲಿಯೂ ಬಂದಿದೆಯೇ ಎಂದು ಪರೀಕ್ಷಿಸಿ ಕೆಂಪು, ಕಿತ್ತಳೆ, ಹಸುರು ದೀಪಗಳನ್ನು ತೋರುತ್ತದೆ. ವಿಭಕ್ತಿಯ ಜ್ಞಾನವಿಲ್ಲದ ಯಾವ ಪರೀಕ್ಷಕನಿಗೂ ‘ಕಾವ್ಯವನ್ನು’ ‘ಕಾವ್ಯದಲ್ಲಿ’ ಎಂಬಲ್ಲಿ ‘ಕಾವ್ಯ’ವು ಕಾಣದು. ಹಸುರು ದೀಪಕ್ಕಾಗಿ ಪ್ರತ್ಯಯವನ್ನು ಬಿಟ್ಟು ಬರಿಯ ಪ್ರಕೃತಿಯನ್ನೇ ವಾಕ್ಯಗಳಲ್ಲಿ ತುರುಕಿದರೆ ಅದು ಕನ್ನಡವಾಗಿ ಉಳಿಯದು. ಅಂತಹ ದೀಪವು ಕೆಂಪಾಗಿದ್ದರೇ ಲೇಸು.

ಎರಡನೆಯದು ವಿಳಾಸದ ವಿಚಾರ. ವರ್ಡ್‌ಪ್ರೆಸ್ಸು ಲೇಖನದ ಹೆಸರಿನಿಂದ ವಿಳಾಸವನ್ನು ಕಟ್ಟುವಾಗ ಅದಕ್ಕೆ 200 ಸ್ಥಾನಗಳನ್ನು ಮಾತ್ರ ಇಟ್ಟಿದೆ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಸ್ಥಾನ ಸಾಕು. ಕನ್ನಡದ ಒಂದೊಂದು ಸಂಕೇತವಾದರೋ ಯುಟಿಎಫ್-8 ಪದ್ಧತಿಯಲ್ಲಿ ಮೂರು ಬೈಟುಗಳಾಗಿ, ಪ್ರತಿಯೊಂದು ಬೈಟೂ ಶೇಕಡಾ ಚಿಹ್ನೆಯೊಡನೆ ಮೂರು ಸ್ಥಾನಗಳಾಗಿ, ಒಟ್ಟು 9 ಸ್ಥಾನಗಳನ್ನು ನುಂಗುತ್ತದೆ. ವ್ಯಂಜನ, ವಿರಾಮ, ಸ್ವರಚಿಹ್ನೆ ಇವು ಬೇರೆ ಬೇರೆ ಸಂಕೇತಗಳೆಂಬುದನ್ನೂ ನೆನೆಯಬೇಕು. ‘ಕರ್ಣಾಟಕ ಶಬ್ದಾನುಶಾಸನದ ವಿಮರ್ಶೆ’ ಎಂಬ ಹೆಸರಿಗೆ 236 ಸ್ಥಾನಗಳು ಬೇಕು. 200ಕ್ಕೆ ಕತ್ತರಿಸಿದಾಗ ವಿಮರ್ಶೆಯು ‘ವಿಮ’ ಎಂದು ನಿಲ್ಲುತ್ತದೆ. ರಷ್ಯನ್ ಮೊದಲಾದ ಭಾಷೆಗಳವರು ವಿಳಾಸವನ್ನು ರೋಮನ್ ಲಿಪಿಗೆ ತಿರುಗಿಸುವ ಪ್ಲಗಿನ್ನುಗಳನ್ನು ಬಳಸುತ್ತಾರೆ. ಕನ್ನಡವನ್ನು ಗುರುತುಗಳಿಲ್ಲದ ರೋಮನ್ ಅಕ್ಷರಗಳಲ್ಲಿ ಬರೆದರೆ ಲಕಾರ ಳಕಾರಗಳ, ನಕಾರ ಣಕಾರಗಳ ಭೇದವು ಅಳಿಯುವುದು. ‘ಕಲೆ’ಯೂ ‘ಕಳೆ’ಯೂ ಒಂದಾಗುವುವು. ಆದುದರಿಂದ ಪ್ರಕಟಣೆಗೆ ಮುನ್ನ ಲೇಖಕನೇ ವಿಳಾಸವನ್ನು ಕೈಯಾರೆ ತಿದ್ದುವುದು ಉಚಿತ. ‘ಶಬ್ದಾನುಶಾಸನ-ವಿಮರ್ಶೆ’ ಎಂದು ಎರಡೇ ಪದಗಳನ್ನಿಟ್ಟರೆ 163 ಸ್ಥಾನಗಳಲ್ಲಿ ಹೆಸರು ಪೂರ್ತಿಯಾಗಿ ಅಡಗುವುದು.