ಬೀದರ್‌ನಿಂದ ಔರಾದಿಗೆ: ಹಳೆಯ ದಾರಿ, ಹಳೆಯ ಕಾರು

ನಿಮ್ಮ ಮನೆಯ ಹಳೆಯ ಅಂಬಾಸಿಡರ್ ಇನ್ನೂ ಓಡುವಂತಿದ್ದರೆ ಒಮ್ಮೆ ಈ ದಾರಿಗೆ ತನ್ನಿ. ಆ ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ಆದರೆ ಚರಿತ್ರೆ ನೋಡುವವರಿಗೆ ಅದರ ನಿಧಾನವೇ ಅನುಕೂಲ.

15ನೇ ಶತಮಾನದಲ್ಲಿ ಬೀದರ್ ಬಹಮನಿ ರಾಜಧಾನಿಯಾದ ಮೇಲೆ ದಖ್ಖನ್ನಿನ ದಾರಿಗಳು ಇಲ್ಲಿ ಕೂಡಿದವು. ರಷ್ಯಾದ ವರ್ತಕ ಅಫನಾಸಿ ನಿಕಿಟಿನ್ ಜುನ್ನಾರ್ ಕಡೆಯಿಂದ ಕುದುರೆಯೊಂದನ್ನು ತಂದು ಇಲ್ಲಿ ಮಾರಿದನು. ಇರಾನಿನ ಗೀಲಾನ್‌ನಿಂದ ವ್ಯಾಪಾರಕ್ಕೆಂದು ಬಂದ ಮಹಮೂದ್ ಗವಾನರು ಪ್ರಧಾನಿಯಾಗಿ 1472ರಲ್ಲಿ ಮದರಸಾ ಕಟ್ಟಿಸಿದರು. ದಾರಿಯು ಸರಕನ್ನಷ್ಟೇ ಅಲ್ಲ, ವಿದ್ಯೆಯನ್ನೂ ತಂದಿತು.

ಮದರಸಾದಿಂದ ಹೊರಟು ಭಾಲ್ಕಿಯ ಕೋಟೆ ನೋಡಿರಿ. ಬಳಿಕ ಮಾಂಜ್ರಾ ನದಿ ದಾಟಿ ಔರಾದ್ ಸೇರಿರಿ. ಅಲ್ಲಿ ಕನ್ನಡ, ಮರಾಠಿ, ಉರ್ದು ಒಟ್ಟಿಗೇ ಕಿವಿಗೆ ಬೀಳುತ್ತವೆ. ಇದಕ್ಕೆ ಕಾರಣವಿದೆ. ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿ ಉದ್ಗೀರ್, ಜಹೀರಾಬಾದ್ ಸಹ ಇದ್ದವು. 1956ರ ನವೆಂಬರ್ 1ರಂದು ಜಿಲ್ಲೆ ಮೂರು ಪಾಲಾಯಿತು: ಬೀದರ್, ಭಾಲ್ಕಿ, ಔರಾದ್ ಮೈಸೂರಿಗೆ, ಉದ್ಗೀರ್ ಮುಂಬಯಿಗೆ, ಜಹೀರಾಬಾದ್ ಆಂಧ್ರಕ್ಕೆ. ಗಡಿ ಬದಲಾದರೂ ನೆಂಟಸ್ತನ, ವ್ಯಾಪಾರ ಹಳೆಯ ದಾರಿ ಬಿಡಲಿಲ್ಲ.

ಹೋಗುವಾಗ ಮಕ್ಕಳನ್ನೂ ಒಂದು ನೋಟುಪುಸ್ತಕವನ್ನೂ ಜೊತೆಗೆ ಒಯ್ಯಿರಿ. 1956ರ ಮುಂಚಿನ ದಿನಗಳನ್ನು ಕಂಡ ಹಿರಿಯರು ಈಗ ವಿರಳ. ಸಿಕ್ಕವರ ಮಾತನ್ನು ಬರೆದುಕೊಳ್ಳಿ. ಗವಾನರ ಮದರಸಾವನ್ನು ಪುರಾತತ್ವ ಇಲಾಖೆ ಕಾಯುತ್ತದೆ. ಹಿರಿಯರ ನೆನಪನ್ನು ನಾವೇ ಕಾಯಬೇಕು.