ಕಾಲರಾ ವಿಷದ ಗುಟ್ಟು ಬಿಡಿಸಿದ ಮೇಷ್ಟ್ರು

ವಾಂತಿಭೇದಿ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಊರಿಗೆ ಊರೇ ನಡುಗುತ್ತಿದ್ದ ಕಾಲವೊಂದಿತ್ತು. ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದ ಮನುಷ್ಯ ಸಂಜೆಯೊಳಗೆ ಹೆಣವಾಗುತ್ತಿದ್ದ. ಈ ಕಾಯಿಲೆ ಮನುಷ್ಯನನ್ನು ಕೊಲ್ಲುವುದಾದರೂ ಹೇಗೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಯೂರೋಪಿನ ದೊಡ್ಡ ಪ್ರಯೋಗಾಲಯದಲ್ಲಲ್ಲ. ವಿದ್ಯಾರ್ಥಿಗಳಿಗೆ ದಿನನಿತ್ಯ ಪಾಠ ಹೇಳುತ್ತಿದ್ದ ಕಲ್ಕತ್ತೆಯ ವೈದ್ಯಕೀಯ ಅಧ್ಯಾಪಕರೊಬ್ಬರಿಗೆ. ಅವರ ಹೆಸರು ಡಾ. ಶಂಭುನಾಥ ಡೇ.

ಕಾಲರಾ ರೋಗಾಣುವನ್ನು ಜರ್ಮನಿಯ ರಾಬರ್ಟ್ ಕಾಖ್ ಗುರುತಿಸಿದ್ದು 1884ರಲ್ಲಿ, ಅದೂ ಕಲ್ಕತ್ತೆಯಲ್ಲೇ. ರೋಗಾಣು ಒಂದು ವಿಶೇಷ ವಿಷವನ್ನು ಹೊರಸೂಸುತ್ತಿರಬೇಕು ಎಂದು ಅವರು ಊಹಿಸಿದ್ದರು. ಊಹೆಗೆ ಪುರಾವೆ ಮಾತ್ರ ಎಪ್ಪತ್ತೈದು ವರ್ಷ ಸಿಗಲಿಲ್ಲ. ಸಂಶೋಧಕರು ರೋಗಾಣುವನ್ನು ಪ್ರಾಣಿಗಳ ರಕ್ತಕ್ಕೆ, ಹೊಟ್ಟೆಯ ಪೊರೆಯೊಳಕ್ಕೆ ಚುಚ್ಚಿ ನೋಡಿದರು. ಪ್ರಾಣಿಗಳು ಸತ್ತವು, ಆದರೆ ಕಾಲರಾದ ನೀರುಭೇದಿ ಕಾಣಿಸಿಕೊಳ್ಳಲಿಲ್ಲ. ಹುಡುಕುತ್ತಿದ್ದ ಜಾಗವೇ ತಪ್ಪಾಗಿತ್ತು.

ಶಂಭುನಾಥ ಡೇ ಹುಟ್ಟಿದ್ದು 1915ರಲ್ಲಿ, ಬಂಗಾಳದ ಹೂಗ್ಲಿ ಜಿಲ್ಲೆಯ ಗರಿಬಾಟಿ ಎಂಬ ಹಳ್ಳಿಯಲ್ಲಿ. ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ವೈದ್ಯ ಪದವಿ ಪಡೆದು, ಲಂಡನ್ನಿನಲ್ಲಿ ರಾಯ್ ಕ್ಯಾಮರಾನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿ, 1949ರಲ್ಲಿ ಪಿಎಚ್.ಡಿ. ಪದವಿಯೊಂದಿಗೆ ಊರಿಗೆ ಮರಳಿದರು. ಸೇರಿದ್ದು ನೀಲರತನ ಸರ್ಕಾರ್ ವೈದ್ಯಕೀಯ ಕಾಲೇಜಿಗೆ. ಅಲ್ಲಿದ್ದದ್ದು ಸಾಧಾರಣ ಸಲಕರಣೆಗಳು. ಕಾಲರಾ ರೋಗಿಗಳಿಗೆ ಮಾತ್ರ ಆ ನಗರದಲ್ಲಿ ಕೊರತೆ ಇರಲಿಲ್ಲ.

ಡೇ ಹೂಡಿದ ಪ್ರಯೋಗ ಸರಳವಾದದ್ದು. ಅರಿವಳಿಕೆ ಕೊಟ್ಟ ಮೊಲದ ಸಣ್ಣ ಕರುಳಿನ ಒಂದು ತುಂಡಿನ ಎರಡೂ ತುದಿಗಳನ್ನು ದಾರದಿಂದ ಬಿಗಿಯುವುದು. ನಡುವಿನ ಚೀಲದಂಥ ಭಾಗಕ್ಕೆ ಕಾಲರಾ ರೋಗಾಣುವನ್ನು ಚುಚ್ಚಿ ಹೊಟ್ಟೆಯನ್ನು ಹೊಲಿದುಬಿಡುವುದು. ಮರುದಿನ ತೆರೆದು ನೋಡಿದರೆ ಆ ಭಾಗ ನೀರು ತುಂಬಿದ ಬಲೂನಿನಂತೆ ಉಬ್ಬಿರುತ್ತಿತ್ತು. ರೋಗಿಯ ಕರುಳಲ್ಲಿ ನಡೆಯುವುದು ಕಣ್ಣೆದುರಿಗೇ ನಡೆದಿತ್ತು. ಸಹೋದ್ಯೋಗಿ ಚಟರ್ಜಿಯವರೊಂದಿಗೆ 1953ರಲ್ಲಿ ಇದನ್ನು ಪ್ರಕಟಿಸಿದರು.

ಮುಂದಿನ ಹೆಜ್ಜೆಯೇ ನಿರ್ಣಾಯಕ. ಅಷ್ಟರಲ್ಲಿ ಅವರು ಕಲ್ಕತ್ತಾ ಮೆಡಿಕಲ್ ಕಾಲೇಜಿಗೆ ಬಂದಿದ್ದರು. ರೋಗಾಣು ಬೆಳೆದ ದ್ರವವನ್ನು ಸೋಸಿ, ಒಂದೂ ರೋಗಾಣು ಉಳಿಯದಂತೆ ಮಾಡಿ, ಬರೀ ಆ ತಿಳಿಯನ್ನು ಕರುಳಿಗೆ ಚುಚ್ಚಿದರು. ಕರುಳು ಹಾಗೆಯೇ ಉಬ್ಬಿತು. ಅಂದರೆ ರೋಗಕ್ಕೆ ಕಾರಣ ರೋಗಾಣು ಹೊರಬಿಡುವ ವಿಷ. 1959ರಲ್ಲಿ ಒಬ್ಬರೇ ಬರೆದ ಈ ಪುಟ್ಟ ಪ್ರಬಂಧ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ವರ್ಷ ಮುಂಬಯಿಯ ಹಾಫ್‌ಕಿನ್ ಸಂಸ್ಥೆಯ ಎನ್.ಕೆ. ದತ್ತಾ ಮತ್ತು ಸಂಗಡಿಗರು ಮರಿ ಮೊಲಗಳ ಮೇಲಿನ ಪ್ರಯೋಗಗಳಿಂದ ಇದೇ ದಿಕ್ಕಿನ ಫಲಿತಾಂಶ ಪ್ರಕಟಿಸಿದ್ದನ್ನೂ ನೆನೆಯಬೇಕು.

ಈ ವಿಷ ಕರುಳಿನ ಜೀವಕೋಶಗಳನ್ನು ಕೊಲ್ಲುವುದಿಲ್ಲ ಎಂಬುದು ಈಗ ತಿಳಿದಿದೆ. ಒಳಹೊಕ್ಕು ಅವುಗಳ ಒಂದು ಕೀಲಿಯನ್ನು ತಿರುಗಿಸಿಬಿಡುತ್ತದೆ. ಜೀವಕೋಶಗಳು ಲವಣವನ್ನು ಎಡೆಬಿಡದೆ ಕರುಳಿನೊಳಕ್ಕೆ ಸುರಿಯತೊಡಗುತ್ತವೆ, ಅದರ ಬೆನ್ನಿಗೆ ಮೈಯ ನೀರೂ ಹರಿದುಹೋಗುತ್ತದೆ. ಆದರೆ ಸಕ್ಕರೆಯ ಜೊತೆ ಉಪ್ಪನ್ನು ಹೀರಿಕೊಳ್ಳುವ ಕರುಳಿನ ಶಕ್ತಿ ಉಳಿದೇ ಇರುತ್ತದೆ. ಗ್ಲೂಕೋಸ್ ಮತ್ತು ಉಪ್ಪು ಬೆರೆಸಿದ ನೀರು ಕುಡಿಸಿದರೆ ರೋಗಿ ಬದುಕುವುದು ಇದರಿಂದಲೇ. 1971ರಲ್ಲಿ ಬಾಂಗ್ಲಾ ನಿರಾಶ್ರಿತರಿದ್ದ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಈ ನೀರನ್ನು ಡ್ರಮ್ಮುಗಳಲ್ಲಿಟ್ಟು ಕುಡಿಸಿದಾಗ, ಶೇಕಡಾ 30ರಷ್ಟಿದ್ದ ಸಾವಿನ ಪ್ರಮಾಣ ಶೇಕಡಾ 4ಕ್ಕಿಂತ ಕೆಳಗಿಳಿಯಿತು.

ಡೇ ಅವರ ಕಥೆ ಮಾತ್ರ ಬೇರೆ ಹಾದಿ ಹಿಡಿಯಿತು. ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸುವ ಕೆಲಸ 1969ರಲ್ಲಿ ಅಮೆರಿಕದ ಫಿಂಕೆಲ್‌ಸ್ಟೀನ್ ಮತ್ತು ಲೋಸ್ಪಲ್ಲೂಟೊ ಅವರ ಪಾಲಾಯಿತು. ಡೇ 1973ರಲ್ಲಿ ನಿವೃತ್ತರಾದರು. ಅವರ ಮೊಲದ ಪ್ರಯೋಗ ಜಗತ್ತಿನ ಪ್ರಯೋಗಾಲಯಗಳಲ್ಲಿ ಬಳಕೆಯಾಗುತ್ತಿದ್ದರೂ ಭಾರತದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಆಗಿ ಆರಿಸಲಿಲ್ಲ. 1978ರಲ್ಲಿ ಕಾಲರಾ ಕುರಿತ ನೊಬೆಲ್ ವಿಚಾರ ಸಂಕಿರಣಕ್ಕೆ ಸ್ವೀಡನ್ನಿನಿಂದ ಕರೆ ಬಂತು. ತಾನು ಅರವತ್ತರ ದಶಕದ ಆರಂಭದಲ್ಲೇ ಸತ್ತುಹೋಗಿದ್ದೆ, ಈ ಸಂಕಿರಣದವರು ಗೋರಿಯಿಂದ ಹೊರತೆಗೆದರು ಎಂದು ಅವರು ಅಲ್ಲಿ ನೋವಿನಿಂದಲೇ ಹೇಳಿಕೊಂಡರು. 1985ರಲ್ಲಿ ತೀರಿಕೊಂಡರು.

ಮರಣಾನಂತರ ಅವರನ್ನು ನೆನೆದವುಗಳಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯೂ ಒಂದು. 1990ರಲ್ಲಿ ಅದು ಡೇ ಅವರಿಗಾಗಿಯೇ ವಿಶೇಷ ಸಂಚಿಕೆ ತಂದಿತು. ಅವರ ಹೆಸರನ್ನು ನೊಬೆಲ್ ಪ್ರಶಸ್ತಿಗೆ ಒಂದಕ್ಕಿಂತ ಹೆಚ್ಚು ಬಾರಿ ಸೂಚಿಸಿದ್ದಾಗಿ, ಸ್ವತಃ ನೊಬೆಲ್ ಪುರಸ್ಕೃತರಾದ ಜೋಶುವಾ ಲೆಡರ್‌ಬರ್ಗ್ ತಿಳಿಸಿದ್ದರು.

ಕಾಲೇಜು ಇರುವುದು ಪಾಠಕ್ಕೆ, ಸಂಶೋಧನೆ ಇರುವುದು ದೊಡ್ಡ ಸಂಸ್ಥೆಗಳಿಗೆ ಎಂಬ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ಒಂದು ದಾರದ ಎಳೆ, ಒಂದು ಮೊಲ ಮತ್ತು ಸರಿಯಾದ ಪ್ರಶ್ನೆ ಇಟ್ಟುಕೊಂಡಿದ್ದ ಈ ಮೇಷ್ಟ್ರು ಅದಕ್ಕೆ 1959ರಲ್ಲೇ ಉತ್ತರ ಕೊಟ್ಟಿದ್ದರು. ಓದಿದವರು ಬಹುಪಾಲು ಹೊರಗಿನವರು.