ಪೀಣ್ಯದ ಬಾಣಲೆಗೆ ಕಡಲಾಚೆಯ ಎಣ್ಣೆ

ಭಾರತ ಹೊರಗಿನಿಂದ ತರಿಸುವ ಆಹಾರ ಪದಾರ್ಥಗಳಲ್ಲಿ ಖರ್ಚಿನ ಲೆಕ್ಕಕ್ಕೆ ಅಡುಗೆ ಎಣ್ಣೆಯೇ ಮೊದಲು. ವರ್ಷಕ್ಕೆ ಸುಮಾರು 160 ಲಕ್ಷ ಟನ್, ಅಂದರೆ ಬಳಕೆಯ ಅರ್ಧಕ್ಕೂ ಹೆಚ್ಚು. ಇದಕ್ಕೆ ನಗರದ ನಾಲಗೆಯನ್ನು ದೂರುವುದು ರೂಢಿ. ಬೆಂಗಳೂರಿನ ವೈಟ್‌ಫೀಲ್ಡ್‌ನ ಪಿಜಿ, ಎಲೆಕ್ಟ್ರಾನಿಕ್ ಸಿಟಿಯ ಕ್ಯಾಂಟೀನು, ಪೀಣ್ಯದ ಕಾರ್ಖಾನೆ ಗೇಟಿನೆದುರಿನ ಬಜ್ಜಿ ಗಾಡಿಗಳನ್ನು ನೋಡಿದರೆ ಆ ದೂರು ಸಹಜವೆನಿಸುತ್ತದೆ. ಪಾಳಿಯಲ್ಲಿ ದುಡಿಯುವವರು ಹೊರಗೆ ಉಂಡಷ್ಟೂ ಎಣ್ಣೆ ಹೆಚ್ಚು ಬೇಕು. ತಾಳೆ ಎಣ್ಣೆಯಿಂದ ತೆಗೆಯುವ ಪಾಮೋಲಿನ್ ಅಗ್ಗ, ಕರಿಯುವ ಕಾವನ್ನೂ ತಾಳುತ್ತದೆ. ಆದರೆ ಬೇಡಿಕೆಯಿಂದ ತಿಳಿಯುವುದು ಎಷ್ಟು ಎಣ್ಣೆ ಬೇಕೆಂಬುದಷ್ಟೇ. ಅದು ಕೊಪ್ಪಳದಿಂದ ಬರಬೇಕೋ ಇಂಡೋನೇಷ್ಯಾದಿಂದಲೋ ಎಂಬುದನ್ನು ತೀರ್ಮಾನಿಸುವುದು ಬೆಲೆ ಮತ್ತು ಸುಂಕ.

1986ರಲ್ಲಿ ಎಣ್ಣೆಕಾಳು ತಾಂತ್ರಿಕ ಮಿಷನ್ ಶುರುವಾಗಿ, 1990ರ ದಶಕದ ಮೊದಲ ವರ್ಷಗಳಲ್ಲಿ ದೇಶ ಬಹುತೇಕ ಸ್ವಾವಲಂಬಿಯಾಗಿತ್ತು. ಆಗ ಸೂರ್ಯಕಾಂತಿಯಲ್ಲಿ ಕರ್ನಾಟಕ ಮುಂಚೂಣಿಯಲ್ಲಿತ್ತು. 1994ರಲ್ಲಿ ಪಾಮೋಲಿನ್ ಆಮದು ಖಾಸಗಿಯವರಿಗೆ ಮುಕ್ತವಾದಾಗ ಸುಂಕ ಶೇ. 65 ಇತ್ತು, 1998ರ ಹೊತ್ತಿಗೆ ಅದು ಶೇ. 15ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ, 1997ರಲ್ಲಿ, ಬೆಂಗಳೂರಿಗೆ ದೂರವಲ್ಲದ ಬಾಗೇಪಲ್ಲಿಯ ಸೂರ್ಯಕಾಂತಿ ಹೊಲಗಳಲ್ಲಿ ನೆಕ್ರೋಸಿಸ್ ನಂಜುರೋಗ ಮೊದಲಿಗೆ ಕಂಡಿತು. ಹಾಗಾಗಿ ಬೆಳೆ ಕುಸಿದುದಕ್ಕೆ ಸುಂಕವೊಂದನ್ನೇ ಹೊಣೆ ಮಾಡಲಾಗದು. ಆದರೆ ರೋಗದ ನಷ್ಟ ಉಂಡ ರೈತನಿಗೆ ಮತ್ತೆ ಬಿತ್ತಲು ಬೇಕಿದ್ದ ಬೆಲೆಯ ಭರವಸೆಯನ್ನು ಅಗ್ಗದ ಆಮದು ಕಸಿಯಿತು. ದೇಶದಲ್ಲಿ 20 ಲಕ್ಷ ಹೆಕ್ಟೇರ್ ದಾಟಿದ್ದ ಸೂರ್ಯಕಾಂತಿ ಈಗ ಅದರ ಐದನೇ ಒಂದು ಭಾಗದಷ್ಟೂ ಉಳಿದಿಲ್ಲ.

ಸುಂಕ ಕಡಿಮೆಯಾದುದಕ್ಕಿಂತ ಅದರ ಏರಿಳಿತವೇ ಹೆಚ್ಚು ಕೆಡುಕು ಮಾಡಿದೆ ಎಂಬುದು ನನ್ನ ಅಭಿಪ್ರಾಯ. ಕಚ್ಚಾ ತಾಳೆ ಎಣ್ಣೆಯ ಮೇಲೆ 2018ರಲ್ಲಿ ಶೇ. 44 ಇದ್ದ ಮೂಲ ಸುಂಕ 2021ರಲ್ಲಿ ಸೊನ್ನೆಯಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಅದು ಶೇ. 20ಕ್ಕೆ ಏರಿ, 2025ರ ಮೇ 30ರಂದು ಶೇ. 10ಕ್ಕೆ ಇಳಿಯಿತು. ಮೇ ಕೊನೆಯೆಂದರೆ ಮುಂಗಾರು ಬಿತ್ತನೆಗೆ ರೈತ ಬೀಜ ಆರಿಸುವ ಹೊತ್ತು.

ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಗಳ ಸಂಬಳಕ್ಕೆ ಎಣ್ಣೆಯ ಬೆಲೆ ಕೂಡಲೇ ತಟ್ಟುತ್ತದೆ. ಹಾಗಾಗಿ ಸುಂಕ ಇಳಿಸುವ ಒತ್ತಡವನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಆದರೆ ರೈತನ ಕಡೆಯಿಂದ ನೋಡಿದರೆ ಕೊರತೆ ಇರುವುದು ಖರೀದಿಯಲ್ಲಿ. ಭತ್ತ, ಗೋಧಿಗೆ ಸಿಗುವಂಥ ಸರ್ಕಾರಿ ಖರೀದಿ ಎಣ್ಣೆಕಾಳಿಗಿಲ್ಲ. ಸೂರ್ಯಕಾಂತಿಗೆ ಬೆಂಬಲ ಬೆಲೆ ಘೋಷಣೆಯಾದರೂ ಕೊಳ್ಳುವ ಪ್ರಮಾಣಕ್ಕೆ ಮಿತಿಯಿದೆ. ಹೀಗಿರುವಾಗ ಹಾವೇರಿ, ದಾವಣಗೆರೆಯ ಮಳೆಯಾಶ್ರಿತ ರೈತ ಮೆಕ್ಕೆಜೋಳ ಬಿತ್ತುತ್ತಾನೆ. ಅದನ್ನು ಕೊಳ್ಳಲು ಕೋಳಿ ಆಹಾರದ ಕಾರ್ಖಾನೆಗಳಿವೆ.